ಸುಗ್ಗಿಯ ಮೇಲಿನ ಏಳು ರಾತ್ರಿಗಳು

ಪಟ್ಟಣದಲ್ಲಿರುವವರಿಗೆ ಒಂದು ಸುಖವುಂಟು. ವಾರದ ಮೊದಲಿಗೆ ಪತ್ರಿಕೆಯನ್ನು ಬಿಡಿಸಿದರೆ ಸಾಕು, ಸೋಮವಾರ ಯಾವ ಸಭಾಗೃಹದಲ್ಲಿ ಯಾರ ಗಾಯನ, ಮಂಗಳವಾರ ಎಲ್ಲಿ ನಾಟಕ, ಬುಧವಾರ ಯಾರ ನಗೆಭಾಷಣ ಎಂಬುದೆಲ್ಲ ಸಾಲಾಗಿ ಅಚ್ಚಾಗಿರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗರಿಗೆ ಅಂಥ ಪಟ್ಟಿಯನ್ನು ಯಾರೂ ಮಾಡಿಕೊಡುವದಿಲ್ಲ. ಬಸ್‌ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಗುಲಾಬಿ ಬಣ್ಣದ ಹ್ಯಾಂಡಬಿಲ್ಲು, ಸಂತೆಯಲ್ಲಿ ಸಿಕ್ಕ ಬೀಗರ ಬಾಯಿಮಾತು, ಈಚೆಗೆ ಮೊಬೈಲಿನಲ್ಲಿ ಬಂದ ಒಂದು ಚಿತ್ರ, ಇಷ್ಟೇ ಅವರ ಪತ್ರಿಕೆ. ಆದರೂ ಯುಗಾದಿ ಕಳೆದ ಮೇಲೆ ಮಿರಗದ ಮಳೆ ಬೀಳುವವರೆಗೆ ಈ ಸೀಮೆಯಲ್ಲಿ ನೀವು ಯಾವ ರಾತ್ರಿ ಬೇಕಾದರೂ ಊರ ಹೊರಗೆ ನಿಂತು ಕಿವಿಗೊಡಿರಿ. ಎಲ್ಲಿಯೋ ದೂರದಲ್ಲಿ ಪೇಟಿಯ ಸ್ವರ, ಇಲ್ಲವೆ ದಪ್ಪಿನ ಬಡಿತ, ಇಲ್ಲವೆ ಸಾವಿರ ಜನ ಒಮ್ಮೆಲೆ ನಕ್ಕ ಸಪ್ಪಳ ಗಾಳಿಯ ಮೇಲೆ ತೇಲಿಬರುತ್ತದೆ.

ಕಳೆದ ಬೇಸಿಗೆಯಲ್ಲಿ ನಾನು ಅಂಥದೊಂದು ವಾರವನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಾಡಿ ಕಳೆದೆ. ನಾಲ್ಕು ತಾಲ್ಲೂಕು ಎಂದು ಹಳೆಯ ರೂಢಿಯಿಂದ ಹೇಳುತ್ತಿದ್ದೇನೆ. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಇವೆಲ್ಲ ಈಗ ತಾವೇ ತಾಲ್ಲೂಕುಗಳಾಗಿವೆ. ಕಚೇರಿಗಳು ಬೇರೆಯಾದರೂ ನಾಟಕ ನೋಡುವ ಜನ ಇನ್ನೂ ಬೇರೆಯಾಗಿಲ್ಲ.

ಈ ನಾಡಿಗೆ ಆಟಪಾಟಗಳ ಹುಚ್ಚು ಹೊಸದಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನು ನವರಸಗಳ ಮೇಲೆ ‘ಕಿತಾಬ್-ಇ-ನವರಸ್’ ಎಂಬ ಹಾಡುಗಳ ಪುಸ್ತಕವನ್ನು ಬರೆದು, ವಿಜಯಪುರದ ಪಶ್ಚಿಮಕ್ಕೆ ೧೫೯೯ರಲ್ಲಿ ನವರಸಪುರವೆಂಬ ಪಟ್ಟಣವನ್ನೇ ಕಟ್ಟಿಸತೊಡಗಿದನು. ೧೬೨೪ರಲ್ಲಿ ಮಲಿಕ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಅರಸನ ಹಬ್ಬ ಹಾಳು ಬಿದ್ದಿತು. ಒಕ್ಕಲಿಗನ ಹಬ್ಬ ಉಳಿಯಿತು. ಅದಕ್ಕೆ ಕಾರಣ ಎರೆಯ ಭೂಮಿ. ಉತ್ತರಿ, ಹಸ್ತಾ ಮಳೆಗಳಿಗೆ ಬಿತ್ತಿದ ಬಿಳಿಜೋಳವನ್ನು ಶಿವರಾತ್ರಿಯ ಸುಮಾರಿಗೆ ಕಿತ್ತು ರಾಶಿ ಮಾಡಿದರೆ ಮುಂದಿನ ಮಳೆಯವರೆಗೆ ಹೊಲದಲ್ಲಿ ಕೆಲಸವಿಲ್ಲ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂಬ ಗಾದೆ ಇಲ್ಲಿಯದೇ. ಕಾಳು ಮನೆಗೆ ಬಂದಿದೆ, ಕೈ ಖಾಲಿ ಇದೆ, ರಾತ್ರಿ ತಂಪಾಗಿದೆ. ಮನುಷ್ಯ ಆಟ ಆಡದೆ ಇನ್ನೇನು ಮಾಡಬೇಕು? ಈಗ ಆಲಮಟ್ಟಿಯ ನೀರು ಕಾಲುವೆಗಳಲ್ಲಿ ಹರಿದು ಕಬ್ಬು ಬಂದಿದೆ. ಕಬ್ಬಿಗೆ ಸುಗ್ಗಿ ಎಂಬುದಿಲ್ಲ; ವರ್ಷವಿಡೀ ಅದು ಒಕ್ಕಲಿಗನನ್ನು ಹಿಡಿದುಕೊಂಡಿರುತ್ತದೆ. ನೀರು ಬಂದ ಊರಲ್ಲಿ ತಾಲೀಮಿಗೆ ಹುಡುಗರು ಸಿಗುವದಿಲ್ಲವೆಂದು ಪೇಟಿ ಮಾಸ್ತರರು ದೂರುತ್ತಾರೆ. ನೀರು ಬೇಡವೆನ್ನಲು ಬಾಯಿ ಬಂದೀತೆ?

ಸೋಮವಾರ ಇಂಡಿಯ ಕಡೆಗೆ, ನಮ್ಮ ತಾಯಿಯ ತವರೂರಿಗೆ ಹೋದೆ. ಹನುಮಪ್ಪನ ಓಕಳಿ ಮುಗಿದು ಗೀಗೀ ಪದ ಇತ್ತು. ಗುಡಿಯ ಮುಂದಿನ ಬಯಲಲ್ಲಿ ಎರಡು ಟ್ರಾಕ್ಟರ್ ಟ್ರೇಲರುಗಳನ್ನು ಎದುರುಬದುರು ನಿಲ್ಲಿಸಿ, ಮೇಲೆ ತಾಡಪಾಲು ಕಟ್ಟಿದ್ದರು. ಒಂದರ ಮೇಲೆ ಹರದೇಶಿಯವರು, ಇನ್ನೊಂದರ ಮೇಲೆ ನಾಗೇಶಿಯವರು. ಅರಿಯದವರಿಗಾಗಿ ಒಂದು ಮಾತು ಹೇಳುತ್ತೇನೆ. ಹರದೇಶಿಯದು ತುರಾಯಿ, ಅವರು ಶಿವನನ್ನೂ ಪುರುಷನನ್ನೂ ಎತ್ತಿಹಿಡಿದು ಹಾಡುತ್ತಾರೆ. ನಾಗೇಶಿಯದು ಕಲಗಿ, ಅವರು ಶಕ್ತಿಯನ್ನೂ ಸ್ತ್ರೀಯನ್ನೂ ಎತ್ತಿಹಿಡಿಯುತ್ತಾರೆ. ಮುಂದೆ ನಿಂತವರ ಕೈಯಲ್ಲಿ ದಪ್ಪು, ಮಗ್ಗುಲಲ್ಲಿ ತುಂತುಣಿ, ತಾಳ. ಹಿಂದಿನವರು ಪ್ರತಿ ನುಡಿಯ ಕೊನೆಗೂ ‘ಗೀಯ ಗೀಯ’ ಎಂದು ಎಳೆಯುತ್ತಾರೆ, ಪದಕ್ಕೆ ಹೆಸರು ಬಂದದ್ದು ಅದರಿಂದಲೇ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಜವಾಬು ಬಾರದಿದ್ದರೆ ಊರ ಮುಂದೆ ಮುಖಭಂಗ.

ಆ ರಾತ್ರಿ ಹರದೇಶಿಯ ಕಡೆಗೆ ಮೂವತ್ತರ ಹರೆಯದ ಚುರುಕಾದ ಹಾಡುಗಾರ. ನಾಗೇಶಿಯ ಕಡೆಗೆ ಅರುವತ್ತು ದಾಟಿದ ಒಬ್ಬ ಮುದುಕಿ. ಮೂಗಿನ ಮೇಲೆ ದಪ್ಪ ಗಾಜಿನ ಚಸ್ಮಾ. ಹುಡುಗ ಹೊಲದ ಮಾತು ತೆಗೆದ. ಹೊಲವೆಷ್ಟು ಒಳ್ಳೆಯದಿದ್ದರೇನು, ಬಿತ್ತುವವನಿಲ್ಲದಿದ್ದರೆ ಅದು ಬೀಳು ಎಂದು ನಾಲ್ಕು ನುಡಿಗಳಲ್ಲಿ ಹಾಡಿ, ದಪ್ಪನ್ನು ತಲೆಯ ಮೇಲೆ ಎತ್ತಿ ತಿರುಗಿಸಿದ. ಗಂಡಸರು ಶಿಳ್ಳೆ ಹಾಕಿದರು. ಮುದುಕಿ ಅವಸರ ಮಾಡಲಿಲ್ಲ. ಚಸ್ಮಾ ಒರೆಸಿಕೊಂಡಳು. ಆಮೇಲೆ ಹಾಡಿನಲ್ಲಿಯೇ ಕೇಳಿದಳು: ಬಿತ್ತಲಿಕ್ಕೆ ಬಂದವನೇ, ನಿನ್ನ ಉಡಿಯಲ್ಲಿಯ ಬೀಜ ಎಲ್ಲಿಂದ ತಂದೆ? ಹೋದ ವರ್ಷ ಇದೇ ಹೊಲ ಕೊಟ್ಟದ್ದಲ್ಲವೆ? ಸಾಲ ತಂದವನು ಸಾಹುಕಾರನೆಂದು ಮೆರೆಯಬಹುದೆ? ಗುಡಿಯ ಕಟ್ಟೆಯ ಮೇಲೆ ಕುಳಿತ ಹೆಂಗಸರು ಎದ್ದರು ನೋಡಿರಿ! ಅವರಲ್ಲಿ ನಮ್ಮ ಸೋದರಮಾವನ ಹೆಂಡತಿಯೂ ಇದ್ದಳು. ನಲವತ್ತು ವರ್ಷದಲ್ಲಿ ಮಾವನ ಎದುರು ಆಕೆ ದನಿ ಎತ್ತಿದ್ದನ್ನು ನಾನು ಕೇಳಿದ್ದಿಲ್ಲ. ಆ ರಾತ್ರಿ ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದಳು, ಮಾವ ಎದುರಿಗೇ ಕುಳಿತಿದ್ದ.

ಹೀಗೆ ಬೆಳ್ಳಿ ಮೂಡುವವರೆಗೆ ನಡೆಯಿತು. ನಡುವೆ ಚಹಕ್ಕೆ ನಿಂತಾಗ ನಾನು ಆಕೆಯ ಹತ್ತಿರ ಹೋಗಿ, ‘ಯಕ್ಕಾ, ನಿನ್ನ ಹಾಡು ರೇಡಿಯೋದಾಗ ಬಂದದೇನು?’ ಎಂದು ಕೇಳಿದೆ. ‘ಒಮ್ಮೆ ಒಂದ ಕಡೆ ಕರದಿದ್ರು ತಮ್ಮಾ,’ ಎಂದಳು. ‘ಗ್ವಾಡಿ ಮ್ಯಾಲಿನ ಗಡಿಯಾರ ತೋರಿಸಿ ಹದಿನೈದು ಮಿನೀಟ ಅಂದ್ರು. ಹದಿನೈದು ಮಿನೀಟದಾಗ ನಾ ಗಣಪತಿಗೆ ಕೈ ಮುಗಿಯೂದರಾಗ ಮುಗೀತು. ಮತ್ತ ಎದುರಿಗೆ ಯಾರೂ ಇರಲಿಲ್ಲ. ಜಗಳಾ ಯಾರ ಕೂಡ ಆಡ್ಲಿ?’

ರೇಡಿಯೋದ ಸಲುವಾಗಿಯೇ ಬರೆಯುವ ನನಗೆ ಈ ಮಾತು ಚುಚ್ಚಿತು. ಸವಾಲಿಲ್ಲದ ಜವಾಬನ್ನು ನಾವು ಜಾನಪದ ಸಂಗೀತವೆಂದು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೇವೆ. ಆಕೆಯ ಮಗಳು ಹಾಡಲು ಕಲಿತಿಲ್ಲ, ಬೀಗರು ಬೇಡವೆಂದರಂತೆ. ಮೊಮ್ಮಗಳು ಕಲಿತರೆ ಕಲಿತಾಳು ಎನ್ನುತ್ತಾಳೆ. ಆಕೆಗೆ ಆರು ವರ್ಷ. ಟ್ರೇಲರಿನ ಮೂಲೆಯಲ್ಲಿ ದಪ್ಪಿನ ಚೀಲವನ್ನೇ ತಲೆಗಿಟ್ಟುಕೊಂಡು ನಿದ್ರೆ ಮಾಡುತ್ತಿದ್ದಳು.

ಮಂಗಳವಾರ ಹಗಲು ಹಲಸಂಗಿಗೆ ಹೋಗಿಬಂದೆ. ಇಂಥ ಹಾಡುಗಳನ್ನು ಮೊದಲು ಕಿವಿಗೊಟ್ಟು ಕೇಳಿ ಬರೆದುಕೊಂಡ ಗೆಳೆಯರ ಊರು ಅದು. ಮಧುರಚೆನ್ನರು, ಚಡಚಣದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಕೂಡಿ ಬೀಸುವ, ಕುಟ್ಟುವ ಹೆಂಗಸರ ಬಾಯಿಂದ ಹಾಡುಗಳನ್ನು ಕೂಡಿಹಾಕಿದರು. ‘ಗರತಿಯ ಹಾಡು’ ೧೯೩೧ರಲ್ಲಿ ಹೊರಬಂದಿತು. ಲಾವಣಿಗಳ ‘ಜೀವನ ಸಂಗೀತ’ ಎರಡು ವರ್ಷಗಳ ಮೇಲೆ. ಇದೇ ಊರಿನ ಖಾಜಾಭಾಯಿಯ ಲಾವಣಿಗಳು ಗಡಿಯಾಚೆಗೂ ಹೆಸರಾದವು. ಆಗ ಈ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಓದಿದವರ ಬಾಯಲ್ಲಿ ಮರಾಠಿ ಇತ್ತು. ಅಂಥಲ್ಲಿ ಬೀಸುವ ಕಲ್ಲಿನ ಮುಂದೆ ಕಾಗದ ಹಿಡಿದು ಕೂತವರನ್ನು ಜನ ಏನೆಂದು ತಿಳಿದರೋ! ಮಧುರಚೆನ್ನರು ತೀರಿದ್ದು ೧೯೫೩ರಲ್ಲಿ, ಐವತ್ತೇ ವರ್ಷದವರಾಗಿ. ಆ ರಾತ್ರಿ ಅಲ್ಲಿ ಯಾವ ಆಟವೂ ಇರಲಿಲ್ಲ. ಒಂದು ಕಟ್ಟೆಯ ಮೇಲೆ ನಾಲ್ವರು ಭಜನೆ ಹಾಡುತ್ತಿದ್ದರು, ಹತ್ತು ಗಂಟೆಗೆ ಮುಗಿಸಿ ಮಲಗಿದರು. ನಾನೂ ಮಲಗಿದೆ.

ಬುಧವಾರದ ರಾತ್ರಿಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸಿಂದಗಿ ತಾಲ್ಲೂಕಿನ ಒಂದು ಊರು, ಹೆಸರು ಹೇಳುವದಿಲ್ಲ. ಊರ ಹುಡುಗರು ಕೂಡಿ ಆಡುವ ಸಾಮಾಜಿಕ ನಾಟಕ. ಹ್ಯಾಂಡಬಿಲ್ಲಿನಲ್ಲಿ ಪಾತ್ರಧಾರಿಗಳ ಹೆಸರುಗಳಿಗಿಂತ ಸಹಾಯ ಮಾಡಿದವರ ಹೆಸರುಗಳೇ ಹೆಚ್ಚು. ಧ್ವನಿವರ್ಧಕದವನು, ಚಹದಂಗಡಿಯವನು, ಯಾರೂ ಬಿಟ್ಟಿಲ್ಲ. ಬಿಟ್ಟರೆ ಮರುದಿನ ಜಗಳ.

ನಾಯಕನ ಪಾತ್ರದ ಹುಡುಗ ಗೋವೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಈ ಕಡೆಯ ಎಷ್ಟೋ ಮನೆಗಳ ಹುಡುಗರು ಗೋವೆ, ಪುಣೆ, ಮಂಗಳೂರಲ್ಲಿ ಇಟ್ಟಿಗೆ ಹೊರುತ್ತಾರೆ. ಎರಡು ತಿಂಗಳು ಆತನ ತಾಲೀಮು ನಡೆದದ್ದು ಫೋನಿನ ಮೇಲೆ! ರಾತ್ರಿ ಒಂಬತ್ತಕ್ಕೆ ಪೇಟಿ ಮಾಸ್ತರರು ಇಲ್ಲಿ ಸ್ವರ ಹಿಡಿದರೆ ಆತ ಅಲ್ಲಿ ತಗಡಿನ ಶೆಡ್ಡಿನೊಳಗೆ ಹಾಡುತ್ತಿದ್ದ, ಮಗ್ಗುಲ ಶೆಡ್ಡಿನವರು ಬೈಯುತ್ತಿದ್ದರು. ಒಂದು ವಾರದ ಕೂಲಿ ಬಿಟ್ಟು ಆತ ಊರಿಗೆ ಬಂದಿದ್ದ.

ಪೇಟಿ ಮಾಸ್ತರರಿಗೆ ಕಣ್ಣಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ೨೦೧೦ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಆ ಅನ್ನಕ್ಕಾಗಿ ಆಶ್ರಮವೇ ನಾಟಕ ಸಂಘವನ್ನು ಕಟ್ಟಿ ಊರೂರು ತಿರುಗಿಸಿತು. ಅಲ್ಲಿಂದ ಹೊರಟವರು ಇಂದು ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಪೇಟಿ ಮಾಸ್ತರರು. ೧೯೪೦ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ೧೯೭೧ರಲ್ಲಿ ಮೆಲ್ಲನೆ ಬಾಗಿಲು ತೆರೆಯಿತು. ಶ್ರುತಿಗಳನ್ನು ಅದು ಸರಿಯಾಗಿ ಹಿಡಿಯುವದಿಲ್ಲವೆಂಬುದು ಪಂಡಿತರ ಆಕ್ಷೇಪ, ಅದು ಸುಳ್ಳೂ ಅಲ್ಲ. ಆದರೆ ಆ ಮೂವತ್ತು ವರ್ಷಗಳಲ್ಲಿ ಹಳ್ಳಿಯ ರಂಗವೆಲ್ಲ ಅದೇ ಪೇಟಿಯ ಮೇಲೆ ನಿಂತಿತ್ತು. ಈ ಮಾತನ್ನು ನಾನು ಮಾಸ್ತರರಿಗೆ ಹೇಳಿದಾಗ ಅವರು ನಕ್ಕು, ‘ಹೊರಗ ಇಟ್ರ ಹೊರಗ ಬಾರಸ್ತೀವ್ರಿ, ಗಾಳಿ ಎಲ್ಲಾ ಕಡೆ ಐತಿ’ ಎಂದರು.

ಇನ್ನು ನಾಯಕಿ. ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವದು ರೂಢಿ. ಬಾಗಲಕೋಟೆಯ ಕಡೆಯಿಂದ ಬಂದ ಆಕೆಗೆ ನಲವತ್ತರ ಸುಮಾರು. ಸಂಜೆ ಆರಕ್ಕೆ ಒಂದು ಟ್ರಂಕಿನೊಂದಿಗೆ ಬಸ್ಸಿನಿಂದ ಇಳಿದಳು. ತಾಲೀಮು ಇಲ್ಲ. ಪುಸ್ತಕವನ್ನು ಒಮ್ಮೆ ತಿರುವಿ, ಹಾಡಿನ ಸ್ವರವನ್ನು ಮಾಸ್ತರರ ಹತ್ತಿರ ಕೂತು ಹಿಡಿದುಕೊಂಡು, ಮುಖಕ್ಕೆ ಬಣ್ಣ ಹಚ್ಚಿದಳು. ಆ ವಾರ ಅದು ಆಕೆಯ ಮೂರನೆಯ ನಾಟಕ, ಮೂರೂ ಬೇರೆ ಬೇರೆ. ಆದರೆ ಪರದೆ ಎದ್ದ ಮೇಲೆ ಆಕೆಯೇ ಎಲ್ಲರನ್ನೂ ನಡೆಸಿದಳು. ಗೋವೆಯ ಹುಡುಗ ಮಾತು ಮರೆತಾಗ ಆಕೆ ಅವನ ಮಾತನ್ನೂ ತನ್ನ ಮಾತಿನೊಳಗೆ ಸೇರಿಸಿ ಪ್ರಶ್ನೆಯಾಗಿ ಕೇಳಿಬಿಡುತ್ತಿದ್ದಳು. ಅವನು ಹೌದೆನ್ನುವದಷ್ಟೆ ಉಳಿಯುತ್ತಿತ್ತು.

ಈ ನಾಟಕಗಳಲ್ಲಿ ಆಯೇರಿ ಎಂಬುದೊಂದಿದೆ. ಮೆಚ್ಚಿದವರು ನಡುನಾಟಕದಲ್ಲಿಯೇ ರಂಗವೇರಿ ನಟನಿಗೆ ಟಾವೆಲ್ಲೋ ನೋಟೋ ಉಂಗುರವೋ ಕೊಡುತ್ತಾರೆ. ಧ್ವನಿವರ್ಧಕದಲ್ಲಿ ಕೊಟ್ಟವರ ಹೆಸರು, ಮೊತ್ತ, ಸಂಬಂಧ ಎಲ್ಲ ಸಾರಲಾಗುತ್ತದೆ. ಮೂರನೆಯ ಅಂಕದಲ್ಲಿ ನಾಯಕ ಚೂರಿಯ ಪೆಟ್ಟು ತಿಂದು ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟ. ಆ ತಾಯಿಯೂ ಈಕೆಯೇ. ಎರಡನೆಯ ಕಲಾವಿದೆ ಬಂದಿರಲಿಲ್ಲವಾಗಿ ಬಿಳಿ ಸೀರೆಯುಟ್ಟು ಎರಡೂ ಪಾತ್ರ ಮಾಡುತ್ತಿದ್ದಳು. ಆಕೆ ಅಳುತ್ತಿದ್ದಾಳೆ, ಬಯಲಿನ ತುಂಬ ಸದ್ದಿಲ್ಲ, ಹೆಂಗಸರೆಲ್ಲ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದಾರೆ. ಅಷ್ಟರಲ್ಲಿ ಹುಡುಗನ ಸೋದರಮಾವ ಹೊಸ ನೋಟಿನ ಮಾಲೆ ಹಿಡಿದು ಹತ್ತಿಯೇಬಿಟ್ಟ. ಸತ್ತವನು ಕಣ್ಣು ತೆರೆದು ಎದ್ದು ಕುಳಿತ, ಮಾಲೆ ಹಾಕಿಸಿಕೊಂಡ, ಮಾವನ ಕಾಲು ಮುಟ್ಟಿ ನಮಸ್ಕರಿಸಿದ, ಮತ್ತೆ ತೊಡೆಯ ಮೇಲೆ ಒರಗಿ ಸತ್ತ. ಜನ ನಗಲಿಲ್ಲ. ನಾನೊಬ್ಬನೇ ನಕ್ಕೆನೆಂದು ತೋರುತ್ತದೆ. ಮಗ್ಗುಲಲ್ಲಿದ್ದ ಮುದುಕ ನನ್ನನ್ನು ಕೆಕ್ಕರಿಸಿ ನೋಡಿದ. ಆಕೆ ಮಾತ್ರ ಅಳು ನಿಂತ ಶಬ್ದಕ್ಕೇ ಮರಳಿ ಬಂದು, ಅಲ್ಲಿಂದಲೇ ಎತ್ತಿಕೊಂಡಳು. ಎರಡು ನಿಮಿಷದಲ್ಲಿ ಹೆಂಗಸರ ಸೆರಗು ಮತ್ತೆ ಕಣ್ಣಿಗೆ ಹೋಯಿತು. ಅದನ್ನು ನಾನು ದೊಡ್ಡ ರಂಗಮಂದಿರಗಳಲ್ಲಿಯೂ ಕಂಡಿಲ್ಲ.

ಬೆಳಗಿನ ಐದಕ್ಕೆ ಹಣದ ಲೆಕ್ಕ. ಸೀನರಿಗೆ, ಧ್ವನಿವರ್ಧಕಕ್ಕೆ, ದೀಪಕ್ಕೆ ಕೊಟ್ಟ ಮೇಲೆ ಕೈ ಸಾಲದೆ ಬಂದಿತು. ಎರಡು ಪಾತ್ರ ಮಾಡಿದ್ದಕ್ಕೆ ಹೆಚ್ಚು ಕೊಡುವದಿರಲಿ, ಮಾತಾಡಿದ್ದರಲ್ಲಿಯೇ ಐದುನೂರು ಕಡಿಮೆ ಮಾಡಿ ಆಕೆಯ ಕೈಗಿಟ್ಟರು. ಹುಡುಗರು ಕೆಟ್ಟವರಲ್ಲ, ಮುಖ ಸಣ್ಣದು ಮಾಡಿಕೊಂಡೇ ಕೊಟ್ಟರು. ಆಕೆ ಎರಡು ಸಲ ಎಣಿಸಿದಳು, ಏನೂ ಅನ್ನಲಿಲ್ಲ, ಕುಪ್ಪಸದಲ್ಲಿ ಸೇರಿಸಿ ಟ್ರಂಕಿನ ಮೇಲೆ ಬಸ್ಸಿಗಾಗಿ ಕುಳಿತಳು. ಆಗ ನನಗೆ ಹೊಳೆಯಿತು: ರಾತ್ರಿಯಿಡೀ ಅಷ್ಟು ಆಯೇರಿ ಬಂದಿತ್ತು, ನಾನೂ ನೂರು ರೂಪಾಯಿ ಹಾಕಿದ್ದೆ, ಆಕೆಗೆ ಯಾರೂ ಒಂದು ಬಿಡಿಕಾಸು ಮಾಡಿರಲಿಲ್ಲ. ಆಯೇರಿ ಕಲೆಗಲ್ಲ, ನಂಟಿಗೆ. ಆ ಊರಲ್ಲಿ ಆಕೆಗೆ ಮಾವಂದಿರಿರಲಿಲ್ಲ.

ಗುರುವಾರ ಅಡ್ಡಮಳೆ. ತಾಳಿಕೋಟೆಯ ರಸ್ತೆಯ ಒಂದು ಹಳ್ಳಿಯಲ್ಲಿ ಶ್ರೀಕೃಷ್ಣ ಪಾರಿಜಾತ ಇತ್ತು. ಅಪರಾಳ ತಮ್ಮಣ್ಣ, ಕುಳಗೋಡ ತಮ್ಮಣ್ಣರ ಹೆಸರಿನೊಂದಿಗೆ ಬಂದ ಈ ಆಟವನ್ನು ನೋಡದ ಊರು ಈ ಸೀಮೆಯಲ್ಲಿಲ್ಲ. ಗಾಳಿಗೆ ಚಪ್ಪರ ಹಾರಿಹೋಯಿತು, ಕರೆಂಟು ಹೋಯಿತು. ಮೇಳದವರು ಗುಡಿಯೊಳಗೆ ಬಂದು, ಬಣ್ಣವಿಲ್ಲದೆ, ಕಂದೀಲಿನ ಬೆಳಕಿನಲ್ಲಿ, ಇಪ್ಪತ್ತು ಜನರ ಮುಂದೆ ಕುಳಿತುಕೊಂಡೇ ಹಾಡಿದರು. ಬಿಳಿ ಮೀಸೆಯ ಒಬ್ಬಾತ ಸತ್ಯಭಾಮೆಯ ಸಿಟ್ಟನ್ನು ಬರಿಯ ದನಿಯಲ್ಲಿ ತಂದ. ಮೀಸೆ ಅಡ್ಡಿಯಾಗಲಿಲ್ಲ.

ಶುಕ್ರವಾರ ಮುದ್ದೇಬಿಹಾಳದ ಹತ್ತಿರ ಜಾತ್ರೆಯ ವೇದಿಕೆಯ ಮೇಲೆ ನಗೆಹಬ್ಬ. ಒಬ್ಬನೇ ಮನುಷ್ಯ, ಕೈಯಲ್ಲಿ ಮೈಕು, ಎರಡು ತಾಸು ಮಾತು. ಗಂಗಾವತಿ ಪ್ರಾಣೇಶರು ಹೆಸರು ಮಾಡಿದ ಮೇಲೆ ಈ ಹಾದಿಯಲ್ಲಿ ಅನೇಕರು ಬಂದಿದ್ದಾರೆ. ಒಂದು ಕಾಲಕ್ಕೆ ಸಿನೇಮಾದಲ್ಲಿ ನಮ್ಮ ಕಡೆಯ ಮಾತು ಬಂತೆಂದರೆ ಆಡುವವನು ಪೆದ್ದನೆಂದು ಅರ್ಥ. ಇಲ್ಲಿ ಅದೇ ಮಾತಿನಿಂದ ಜಾಣ ನಗಿಸುತ್ತಾನೆ, ಪೇಟೆಯವರೂ ಹಣ ಕೊಟ್ಟು ನಗುತ್ತಾರೆ. ಆದರೆ ಹೆಂಡತಿಯನ್ನು ಹಂಗಿಸುವ ಚಟಾಕಿಗಳು ನನಗೆ ಸಾಕಾದವು. ಸೋಮವಾರದ ಮುದುಕಿ ಎದುರಿನ ಟ್ರೇಲರಿನ ಮೇಲಿದ್ದಿದ್ದರೆ ಆತ ಅಷ್ಟು ಸುಲಭಕ್ಕೆ ಪಾರಾಗುತ್ತಿರಲಿಲ್ಲ.

ಶನಿವಾರ ಒಂದು ತಾಲ್ಲೂಕಿನ ಪಟ್ಟಣದಲ್ಲಿ ಕಂಪನಿ ನಾಟಕ. ತಗಡಿನ ಗೋಡೆ, ಮುಂದೆ ಕುರ್ಚಿ, ಹಿಂದೆ ನೆಲ. ನಮ್ಮ ಈ ವೃತ್ತಿರಂಗಕ್ಕೆ ಒಂದೂವರೆ ಶತಮಾನ ತುಂಬುತ್ತ ಬಂದಿತು. ಸಾಂಗಲಿಯ ಕಡೆಯ ಮರಾಠಿ ಮಂಡಳಿಗಳು ಬಂದು ಕನ್ನಡಿಗರ ಹಣವನ್ನೂ ಕಿವಿಯನ್ನೂ ಒಯ್ಯುತ್ತಿದ್ದ ಕಾಲಕ್ಕೆ ಶಾಂತಕವಿಗಳು ಗದುಗಿನಲ್ಲಿ ೧೮೭೭ರಲ್ಲಿ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಈ ಜಿಲ್ಲೆಯ ಕೊಡುಗೆಯೂ ಚಿಕ್ಕದಲ್ಲ. ಹುನಗುಂದದ ಕಡೆಯ ಕಂದಗಲ್ಲ ಹನುಮಂತರಾಯರ (೧೮೯೬–೧೯೬೬) ‘ರಕ್ತರಾತ್ರಿ’ಯನ್ನು ಹಳ್ಳಿಗಳಲ್ಲಿ ಇಂದಿಗೂ ಬಾಯಿಪಾಠ ಹೇಳುವ ಮುದುಕರಿದ್ದಾರೆ, ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ೧೯೭೪ರಲ್ಲಿ ರಾಜಕುಮಾರರ ಚಲನಚಿತ್ರವಾಗಿ ನಾಡಿಗೆಲ್ಲ ತಿಳಿಯಿತು. ಬೀಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿ ಮುಂಬಯಿಯ ಚಿತ್ರಗಳಲ್ಲಿ ಹಾಡಿ ದೇಶಕ್ಕೆಲ್ಲ ಬೇಕಾದಳು. ಅಕ್ಕ ಗೋಹರಬಾಯಿ ಬಾಲಗಂಧರ್ವರ ರಂಗದಲ್ಲಿ ಮೆರೆದಳು. ಬೀಳಗಿ, ಹುನಗುಂದಗಳು ೧೯೯೭ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದವು. ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ನಮಗೆ ಹೆಮ್ಮೆ. ನಮ್ಮ ಓಣಿಯ ಹುಡುಗಿ ಬಣ್ಣ ಹಚ್ಚುತ್ತೇನೆಂದರೆ ಏನನ್ನುತ್ತೇವೆ ಎಂಬುದು ಬೇರೆ ಮಾತು.

ಆ ರಾತ್ರಿಯ ನಾಟಕದಲ್ಲಿ ಕಥೆ ಅರ್ಧ, ಹಾಸ್ಯ ಅರ್ಧ. ಹಾಸ್ಯದಲ್ಲಿ ಎರಡರ್ಥದ ಮಾತು ಬಹಳ. ಕುಟುಂಬದೊಂದಿಗೆ ಬಂದವರು ನೆಲ ನೋಡುತ್ತಿದ್ದರು. ಅಂಕ ಬಿದ್ದಾಗ ಒಳಗೆ ಹೋಗಿ ಹಾಸ್ಯಗಾರನಿಗೆ, ‘ಇಷ್ಟು ಛಲೋ ನಟರು, ಯಾಕ ಇಂಥಾ ಮಾತು?’ ಎಂದು ಕೇಳಿಯೇಬಿಟ್ಟೆ. ಆತ ಬೀಡಿ ಆರಿಸಿ, ‘ಸಾಹೇಬ್ರ, ಎರಡ ಅರ್ಥ ಇಡಾವ ನಾನು. ಯಾವ ಅರ್ಥಕ್ಕ ನಗಬೇಕನ್ನೂದು ನಿಮಗ ಬಿಟ್ಟದ್ದು’ ಎಂದ. ನಾನು ಸುಮ್ಮನಾದದ್ದನ್ನು ಕಂಡು ಮೆಲ್ಲನೆ ಕೂಡಿಸಿದ: ‘ಟಿಕೀಟ ಹರೀದಿದ್ರ ನಲವತ್ತ ಹೊಟ್ಟಿ ಅದಾವ್ರಿ ಇಲ್ಲಿ.’ ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಏಕೆಂದರೆ ಅಂದು ಎಲ್ಲಕ್ಕಿಂತ ಹೆಚ್ಚು ನಗೆ ಎದ್ದದ್ದು ಒಂದೇ ಅರ್ಥದ ಪ್ರಸಂಗಕ್ಕೆ. ಓದು ಬಾರದ ಆಳು ಯಜಮಾನನ ಮುಂದೆ ಕಾಗದವನ್ನು ತಲೆಕೆಳಗೆ ಹಿಡಿದು, ಹೆದರಿ, ತನ್ನ ಮನಸ್ಸಿನಲ್ಲಿದ್ದ ದೂರುಗಳನ್ನೆಲ್ಲ ಪತ್ರದಲ್ಲಿವೆಯೆಂಬಂತೆ ಓದುತ್ತಾನೆ. ಅದನ್ನು ಆಡಿದವನೂ ಇದೇ ಮನುಷ್ಯ. ಕುರ್ಚಿಯವರೂ ನೆಲದವರೂ ಕೂಡಿಯೇ ನಕ್ಕರು, ಮಕ್ಕಳು ಬಿದ್ದು 
ಬಿದ್ದು ನಕ್ಕರು. ಎರಡರ್ಥದ ಒಂದು ಮಾತಿಗೆ ನಾನೂ ನಕ್ಕೆನೆಂಬುದನ್ನು ಮುಚ್ಚಿಡಬಾರದು. ನಕ್ಕ ಮೇಲೆ ತುಟಿ ಕಚ್ಚಿಕೊಂಡೆ.

ಭಾನುವಾರ ಬಸವನಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರು. ಇಲ್ಲಿಯ ದೊಡ್ಡ ಜಾತ್ರೆ ಶ್ರಾವಣದಲ್ಲಿ, ಈಗ ಗದ್ದಲವಿರಲಿಲ್ಲ. ಸಂಜೆ ಗುಡಿಯ ಹತ್ತಿರ ಒಬ್ಬ ತರುಣ ವಚನಗಳನ್ನು ಹಾಡಿದ. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು ವಚನವನ್ನು ರಾಗದಲ್ಲಿ ಕೂಡಿಸಿ ಹಾಡಿದ ಹಾದಿಯಲ್ಲಿಯೇ ಆತನ ಹೆಜ್ಜೆ, ಇನ್ನೂ ಎಳೆಯ ಹೆಜ್ಜೆ. ಮೂವತ್ತು ಜನ ಕೇಳಿದರು. ವಾರವೆಲ್ಲ ನಿದ್ದೆಗೆಟ್ಟ ನನಗೆ ನಡುವೆ ತೂಕಡಿಕೆ ಬಂದದ್ದು ಆತನ ತಪ್ಪಲ್ಲ.

ರಾತ್ರಿ ಬಸ್‌ ಸ್ಟ್ಯಾಂಡಿಗೆ ಬಂದರೆ ಬೆಂಚಿನ ಮೇಲೆ ಅದೇ ಟ್ರಂಕು, ಅದೇ ಹೆಣ್ಣುಮಗಳು. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಹತ್ತಿರದ ಯಾವುದೋ ಊರಲ್ಲಿ ನಾಟಕ ಮುಗಿಸಿ ಮನೆಗೆ ಹೊರಟಿದ್ದಳು. ಗುರುತು ಹೇಳಿದೆ. ‘ಬುಧವಾರದ ನಾಟಕಕ್ಕ ಕೂತಿದ್ರೇನ್ರಿ ಅಣ್ಣಾರ?’ ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, ‘ಹ್ಯಾಂಗ ಆತ್ರಿ ಅದು? ನಮಗ ಎದುರಿಂದ ನೋಡಾಕ ಬರೂದುಲ್ಲ ನೋಡ್ರಿ’ ಎಂದಳು.

ಐದುನೂರು ರೂಪಾಯಿಯ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆಕೆ ಕೇಳಿದ್ದು ಅದನ್ನಲ್ಲ. ಮೂರನೆಯ ಅಂಕವನ್ನು ಮೊದಲಿನಿಂದ ಹೇಳಿದೆ. ಮಾವ ಮಾಲೆ ತಂದದ್ದು, ಸತ್ತವನು ಎದ್ದದ್ದು, ಆಕೆ ನಿಂತ ಶಬ್ದಕ್ಕೇ ಮರಳಿದ್ದು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ತೊಡೆಯ ಮೇಲಿನ ಕೂಸನ್ನೂ ಮರೆತು ಅತ್ತದ್ದನ್ನು ಹೇಳಿದೆ.

‘ಖರೇನ್ರಿ?’ ಎಂದಳು. ‘ಆ ಅಜ್ಜಿ ಎರಡನೇ ಸಲಾ ಅತ್ತಳೋ, ಮೊದಲನೇ ಸಲಾನೋ?’

‘ಎರಡೂ ಸಲ ಅತ್ತಳು ತಂಗಿ,’ ಎಂದೆ. ಅಷ್ಟರಲ್ಲಿ ಕಂಡಕ್ಟರು ಆಲಮಟ್ಟಿ, ಬಾಗಲಕೋಟೆ ಎಂದು ಕೂಗಿದ. ಟ್ರಂಕಿನ ಒಂದು ಹಿಡಿಕೆಯನ್ನು ನಾನು ಹಿಡಿದೆ, ಇನ್ನೊಂದನ್ನು ಆಕೆ ಹಿಡಿದಳು. ಬಹಳ ಭಾರವಿತ್ತು.